ಮೆಣಸಿನ ಹಿಂದೆ ಮೊದಲ ಹಿಟ್ಟು

ದಾಕ್ಷಾಯಿಣಕ್ಕನ ಹಿಟ್ಟಿನ ಗಿರಣಿಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಯಲ್ಲಿ ಒಂದು ಕಿಟಕಿ ಇದೆ. ಕಪ್ಪು ಬಟ್ಟೆ ಹೊಲಿಯುವ ದಿನ ನಾನು ಅದನ್ನು ಮುಚ್ಚುತ್ತೇನೆ. ಮರೆತರೆ ಗಿರಣಿಯ ಧೂಳು ಬಂದು ಕೂತು, ವಕೀಲರ ಕೋಟು ಅಡುಗೆ ಭಟ್ಟರ ಪಂಚೆಯಂತಾಗುತ್ತದೆ. ಇದೇ ವಿಷಯಕ್ಕೆ ನಾವಿಬ್ಬರೂ ವರ್ಷಗಳಿಂದ ಜಗಳವಾಡುತ್ತ ಬಂದಿದ್ದೇವೆ. ಜಗಳ ಮುಗಿದ ಮೇಲೆ ಅಕ್ಕನೇ ಚಹಾ ತರುತ್ತಾಳೆ. ಹಾಗಾಗಿ ಜಗಳ ನಿಲ್ಲಿಸುವ ವಿಚಾರ ನನಗಿಲ್ಲ.

ನಮ್ಮದು ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ ಬಿಳಿಗದ್ದೆ ಕ್ರಾಸ್. ಎಕ್ಸ್‌ಪ್ರೆಸ್ ಬಸ್ಸು ಇಲ್ಲಿ ನಿಲ್ಲುವುದಿಲ್ಲ. ನಿಂತರೂ ಕಂಡಕ್ಟರು ನಮಗೆ ಭಾರೀ ಉಪಕಾರ ಮಾಡಿದವರ ಮುಖ ಮಾಡುತ್ತಾನೆ. ಅಕ್ಕನ ತವರು ಬನವಾಸಿ ಕಡೆ. ಗಂಡ ಮಧುಕೇಶ್ವರಣ್ಣ ಇಲ್ಲಿ ಗಿರಣಿ ಹಾಕುತ್ತೇನೆ ಎಂದಾಗ ಜೋಳದ ಚೀಲವನ್ನೂ ತನ್ನ 'ಬರ್ರಿ, ಕುಂದರ್ರಿ'ಯನ್ನೂ ಕಟ್ಟಿಕೊಂಡು ಬಂದವಳು. ಜೋಳ ಖರ್ಚಾದಾಗ ತವರಿನಿಂದ ಮತ್ತೆ ತರಿಸುತ್ತಾಳೆ. ಮಾತಿನ ದಾಸ್ತಾನು ಇವತ್ತಿಗೂ ಕಡಿಮೆಯಾಗಿಲ್ಲ.

ಕಷ್ಟ ಇರುವುದು ಅಲ್ಲೇ. ಗಿರಣಿ ತಿರುಗುವಾಗ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ, ಅಕ್ಕನಿಗೋ ಮಾತಾಡದೆ ಇರಲಿಕ್ಕಾಗುವುದಿಲ್ಲ. ಮಧುಕೇಶ್ವರಣ್ಣನ ಕಿವಿ ಆ ಸದ್ದಿನಲ್ಲಿ ಅರ್ಧ ಹೋಗಿದೆ. ಉಳಿದರ್ಧವನ್ನು ಅವನು ಬೇಕೆಂದಾಗ ತೆರೆಯುತ್ತಾನೆ, ಬೇಡವೆಂದಾಗ ಮುಚ್ಚುತ್ತಾನೆ. ಹಾಗಾಗಿ ಅಕ್ಕ ಕರಿಹಲಗೆಯ ಮೊರೆ ಹೋದಳು. ನಮ್ಮ ಶಾಲೆಗೆ ಹೊಸ ಹಸಿರು ಹಲಗೆ ಬಂದಾಗ ಹಳೆಯದನ್ನು ಹಿಂದಿನ ಕೊಟ್ಟಿಗೆಗೆ ಎಸೆದಿದ್ದರು. ಆಗ ಪಂಚಾಯತಿ ಮೆಂಬರಾಗಿದ್ದ ಶಾಂತಾರಾಮ ಹೆಗಡೆಯವರು ಮಾಸ್ತರರಿಗೆ ಹೇಳಿ ಅದನ್ನು ಗಿರಣಿಗೆ ಕೊಡಿಸಿದರು. ಅಕ್ಕ ಅದನ್ನು ಬಾಗಿಲ ಪಕ್ಕ ತೂಗುಹಾಕಿ, ಎದುರಿಗೆ ಒಂದು ಉದ್ದ ಬೆಂಚು ಹಾಕಿದಳು. ಹಲಗೆಯ ಮೇಲ್ಭಾಗದಲ್ಲಿ ಗಿರಣಿಯ ಕಾನೂನು: 'ಮೆಣಸು ಮಂಗಳವಾರ ಮಾತ್ರ', 'ಒದ್ದೆ ಅಕ್ಕಿ ತರಬೇಡಿ'. ಅದರ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ದಿನಕ್ಕೊಂದು ನುಡಿಮುತ್ತು.

ಈ ನುಡಿಮುತ್ತುಗಳನ್ನು ಅವಳು ಆರಿಸುತ್ತಿದ್ದದ್ದು ಗೋಡೆ ಕ್ಯಾಲೆಂಡರಿನ ಹಾಳೆಯ ಹಿಂಬದಿಯಿಂದ, ಲಾರಿಯ ಬೆನ್ನಿನಿಂದ, ಮದುವೆಯ ಕರೆಯೋಲೆಯಿಂದ, ಹಾದುಹೋಗುವ ಪ್ರಚಾರದ ಜೀಪಿನಿಂದ. ಮಗಳು ಶಾಂಭವಿ ಯಲ್ಲಾಪುರದಲ್ಲಿ ಶಾಲೆಯ ಟೀಚರು. ದಿನಾ ಬೆಳಿಗ್ಗೆ ಅವ್ವನ ಮೊಬೈಲಿಗೆ ಹೂವಿನ ಚಿತ್ರದ ಜೊತೆ ಒಂದು ಸುಭಾಷಿತ ಕಳಿಸುತ್ತಾಳೆ. ಅದನ್ನು ಮಾತ್ರ ಅಕ್ಕ ಹಲಗೆಗೆ ಹತ್ತಿಸುವುದಿಲ್ಲ. "ಅದು ಎಲ್ಲಾರ ಫೋನಿನಾಗೂ ಬಂದಿರ್ತದವಾ. ಹಳಸಿದ ಅನ್ನ ಬಡಿಸಿದಂಗ" ಎನ್ನುತ್ತಾಳೆ.

ಎಲ್ಲಿಯೂ ಏನೂ ಸಿಗದ ದಿನ ತಾನೇ ಮಾಡಿ ಬರೆಯುತ್ತಿದ್ದಳು. ಮೊದಲ ಸಲ ಹಾಗೆ ಬರೆದದ್ದು ನನಗೆ ನೆನಪಿದೆ: 'ಸಾಲು ಮುರಿಯುವವನಿಗೆ ಯಾವಾಗಲೂ ಬಸ್ಸಿಗೆ ಹೊತ್ತಾಗಿರುತ್ತದೆ.' ಕೆಳಗೆ 'ದಾಕ್ಷಾಯಿಣಿ' ಎಂದು ಸಹಿ. ಓದಿದವರೆಲ್ಲ ಮುಸಿಮುಸಿ ನಕ್ಕರು. ಹಿಟ್ಟು ಬೀಸುವವಳಿಗೆ ಯಾಕೆ ಬೇಕಿತ್ತು ಈ ವೇದಾಂತ ಎಂದು ನನ್ನ ಅಂಗಡಿಗೆ ಬಂದೂ ಹೇಳಿದರು. ಮರುದಿನ ಅಕ್ಕ ವಾಕ್ಯವನ್ನು ಹಾಗೇ ಬಿಟ್ಟು ಸಹಿಯನ್ನಷ್ಟೇ ಒರೆಸಿ 'ಹಿರಿಯರು' ಎಂದು ಬರೆದಳು. ಅದೇ ಜನ ಅದೇ ಬೆಂಚಿನ ಮೇಲೆ ಕೂತು, "ಹೌದು, ಹಿರಿಯರು ಎಷ್ಟು ವಿಚಾರ ಮಾಡಿ ಹೇಳಿದ್ದಾರೆ" ಎಂದು ತಲೆದೂಗಿದರು. ನಾನು ಕಿಟಕಿಯ ಈಚೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಎದುರಿಗೇ ಕೂತವರ ಮಾತು ನಮಗೆ ರುಚಿಸುವುದಿಲ್ಲ. ಹೇಳಿದವರು ಸತ್ತು ನೂರು ವರ್ಷವಾಗಿರಬೇಕು, ಇಲ್ಲವೇ ನೂರು ಮೈಲಿ ದೂರದಲ್ಲಿರಬೇಕು. ಈ ಸತ್ಯ ನನಗೆ ಯಾವ ಪುಸ್ತಕದಿಂದಲೂ ತಿಳಿಯಲಿಲ್ಲ, ಅಕ್ಕನ ಹಲಗೆಯಿಂದ ತಿಳಿಯಿತು. ಅಂದಿನಿಂದ ಅವಳ ಸ್ವಂತದ್ದೆಲ್ಲ ಹಿರಿಯರದ್ದೇ ಆಯಿತು. ಗುಟ್ಟು ನಮ್ಮಿಬ್ಬರದ್ದು.

ಈ ಹಲಗೆಯ ಮೊದಲನೇ ಓದುಗರು ಶಾಂತಾರಾಮ ಹೆಗಡೆಯವರು. ಬೀಸುವುದು ಇರಲಿ, ಇಲ್ಲದಿರಲಿ, ಬೆಳಿಗ್ಗೆ ಸ್ಕೂಟರು ನಿಲ್ಲಿಸಿ, ಕನ್ನಡಕ ಏರಿಸಿ, ಓದಿ, "ಅಡ್ಡಿಲ್ಲೆ" ಎಂದು ಹೇಳಿಯೇ ಮುಂದೆ ಹೋಗುವವರು. ಯಾರ ಜೊತೆ ಮಾತಾಡಿದರೂ ತಮ್ಮ ಮನೆಮಾತೇ ಆಡುವ ಮನುಷ್ಯ. ಎದುರಿನವರು ಅರ್ಥ ಮಾಡಿಕೊಂಡರೆ ಮಾಡಿಕೊಳ್ಳಲಿ ಎಂಬ ಧೈರ್ಯ.

ಆ 'ಅಡ್ಡಿಲ್ಲೆ'ಯ ಕತೆ ಗಿರಣಿಯಷ್ಟೇ ಹಳೆಯದು. ಗಿರಣಿ ಹಾಕಿದ ಹೊಸತರಲ್ಲಿ ಮೊದಲ ಅಕ್ಕಿ ಬಂದದ್ದು ಹೆಗಡೆಯವರ ಮನೆಯಿಂದ. ಅವರು ಹಿಟ್ಟನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ, "ಅಡ್ಡಿಲ್ಲೆ" ಎಂದು ಡಬ್ಬಿ ಹೊತ್ತು ಹೋದರಂತೆ. ಅಕ್ಕ ಒಳಗೆ ಹೋಗಿ ಅತ್ತಳಂತೆ. ಅವಳ ತವರಿನಲ್ಲಿ ಅಡ್ಡಿಯಿಲ್ಲ ಎಂದರೆ ಹೇಗೋ ನಡೆಯುತ್ತದೆ, ಇರಲಿ ಬಿಡು ಎಂದ ಹಾಗೆ. ಚೆನ್ನಾಗಿದ್ದರೆ 'ಭಾಳ ಛಲೋ ಆಗೇತ್ರಿ' ಎಂದು ಬಾಯಿ ತುಂಬ ಹೇಳುತ್ತಾರೆ. ಮಧುಕೇಶ್ವರಣ್ಣ ಸಮಾಧಾನ ಮಾಡಿದ: "ಈ ಸೀಮಿ ಮಂದಿ ಅದಕ್ಕಿಂತ ಮ್ಯಾಲ ಹತ್ತಂಗಿಲ್ಲ. ಅವ್ರ ಹೊಗಳಿಕಿ ಏಣಿಗೆ ಅದ ಕಡೀ ಮೆಟ್ಟಲ."

ನಿಜ ಹೇಳಬೇಕೆಂದರೆ ಆ ಮಾತಿಗೆ ಅರ್ಥ ಒಂದೇ ಅಲ್ಲ. ಮದುವೆ ಊಟ ಅಡ್ಡಿಲ್ಲೆ ಎಂದರೆ ಎರಡನೇ ಸಲ ಹೋಳಿಗೆ ಹಾಕಿಸಿಕೊಂಡಿದ್ದಾರೆ ಎಂದೇ. ಆದರೆ 'ಆನು ನಾಳೆ ಬಪ್ಪಲಕ್ಕಾ?', ನಾನು ನಾಳೆ ಬರಬಹುದೇ, ಎಂದು ಕೇಳಿದವರಿಗೆ ಅಡ್ಡಿಲ್ಲೆ ಎಂದರೆ, ಬಂದರೆ ಬೇಡ ಅನ್ನುವುದಿಲ್ಲ ಎಂದಷ್ಟೇ. ಅಡ್ಡಿಯಿಲ್ಲ ನಿಜ, ಕರೆಯೂ ಇಲ್ಲ. ಇದನ್ನು ಇಲ್ಲೇ ಹುಟ್ಟಿದವರು ಬಾಲ್ಯದಲ್ಲೇ ತಿಳಿದಿರುತ್ತಾರೆ. ತಿಳಿದವರೂ ಒಮ್ಮೊಮ್ಮೆ ಎಡವುತ್ತಾರೆ, ಅದನ್ನು ಮುಂದೆ ಹೇಳುತ್ತೇನೆ.

ಅದಕ್ಕೂ ಮೊದಲು ಬುಧವಾರದ ವಿಷಯ ಹೇಳಬೇಕು. ಅಕ್ಕನ ಗಿರಣಿಯಲ್ಲಿ ಮಷಿನ್ನು ಒಂದೇ. ಎರಡನೆಯದಕ್ಕೆ ಜಾಗವಿಲ್ಲ. ಮಂಗಳವಾರ ಅದೇ ಕಲ್ಲಿನಲ್ಲಿ ಮೆಣಸಿನ ಪುಡಿ ಆಗುತ್ತದೆ, ಬುಧವಾರ ಅಕ್ಕಿ, ಜೋಳ, ಗೋದಿ. ಎಷ್ಟೇ ಗುಡಿಸಿ ಒರೆಸಿದರೂ ಮೆಣಸಿನ ಖಾರ ಕಲ್ಲಿನ ಸಂದಿಯಲ್ಲಿ ಉಳಿಯುತ್ತದೆ. ಅದನ್ನು ತೊಳೆಯುವುದು ನೀರಲ್ಲ, ಮುಂದಿನವರ ಧಾನ್ಯ. ಮೊದಲು ಹಾಕಿದವರ ಹಿಟ್ಟಿಗೆ ಖಾರ ತಗುಲುತ್ತದೆ, ಎರಡನೆಯವರಿಗೆ ಸ್ವಲ್ಪ, ಮೂರನೆಯವರಿಗೆ ಬರೀ ವಾಸನೆ. ಆದ್ದರಿಂದ ಬುಧವಾರ ಬೆಳಿಗ್ಗೆ ಮೊದಲು ಬಂದವರೂ ಬಾಗಿಲಲ್ಲಿ ನಿಂತು, "ನಿಂಗ್ಳು ಹಾಕಿ, ನಂಗೆ ಅವಸರ ಇಲ್ಲ" ಎಂದು ಉಪಚಾರ ಮಾಡುತ್ತಿದ್ದರು. ಊರಿನ ದಾಕ್ಷಿಣ್ಯವೆಲ್ಲ ವಾರಕ್ಕೊಮ್ಮೆ ಅಲ್ಲಿ ನೋಡಬೇಕಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಗಾದೆಯನ್ನು ನಮ್ಮ ಕ್ರಾಸಿನಲ್ಲಿ 'ಮೆಣಸಿನ ಹಿಂದೆ ಯಾರು' ಎಂದೇ ಹೇಳುವುದು.

ಇದಕ್ಕೆ ಅಕ್ಕ ಕಂಡುಕೊಂಡ ಉಪಾಯ ಸುಲಭದ್ದು. ಬುಧವಾರ ಮೊದಲ ಪಾಳಿಗೆ ತನ್ನದೇ ಜೋಳ ಹಾಕಿಬಿಡುತ್ತಿದ್ದಳು. ಆ ದಿನ ಮಧುಕೇಶ್ವರಣ್ಣನಿಗೆ ಕೆಂಪು ರೊಟ್ಟಿ. "ಬುಧವಾರ ಪಲ್ಯ ಬ್ಯಾಡ, ರೊಟ್ಟಿಯೊಳಗ ಐತಿ" ಎಂದು ಅವನು ತಮಾಷೆ ಮಾಡುತ್ತ ತಿನ್ನುತ್ತಿದ್ದ. ಊರು ಅದನ್ನು ಗಿರಣಿಯ ಪದ್ಧತಿ ಎಂದುಕೊಂಡಿತು. ಯಾರೋ ಒಬ್ಬರು ನಮಗಾಗಿ ಖಾರ ತಿನ್ನುತ್ತಿದ್ದಾರೆ ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆದಿರಲಿಲ್ಲ.

ಹೀಗಿರುವಾಗ ಹೋದ ಪಂಚಾಯತಿ ಚುನಾವಣೆ ಬಂತು. ವಿಧಾನಸಭೆಯ ಚುನಾವಣೆ ನಮಗೆ ಅಷ್ಟು ತ್ರಾಸು ಕೊಡುವುದಿಲ್ಲ. ಗೆದ್ದವರೂ ಸೋತವರೂ ಆಮೇಲೆ ಕಾಣಿಸುವುದೇ ಇಲ್ಲ. ಪಂಚಾಯತಿಯ ಕತೆ ಹಾಗಲ್ಲ. ಗೆದ್ದವನೂ ಸೋತವನೂ ಮರುದಿನ ಬೆಳಿಗ್ಗೆ ಒಂದೇ ಡೈರಿಗೆ ಹಾಲು ಹಾಕಬೇಕು.

ಶಾಂತಾರಾಮ ಹೆಗಡೆಯವರು ಮೊದಲು ನಿಲ್ಲುವ ಮನಸ್ಸು ಮಾಡಿರಲಿಲ್ಲ. ಆದರೂ ನಿಲ್ಲಬಹುದೋ ಎಂದು ಒಂದು ಮಾತು ಕೇಳಿ ನೋಡಲು ಮನೆ ಮನೆಗೆ ಹೋದರು. "ಈ ಸಲವೂ ನಿಲ್ಲಲಕ್ಕಾ?" ಎಲ್ಲರ ಮನೆಯಲ್ಲೂ ಚಹಾ ಸಿಕ್ಕಿತು, ಎಲ್ಲರೂ "ಅಡ್ಡಿಲ್ಲೆ" ಎಂದರು. ಜೀವಮಾನವಿಡೀ ಆ ಮಾತನ್ನೇ ಆಡಿದ ಮನುಷ್ಯ, ತನಗೆ ಬಂದಾಗ ಅದನ್ನು ಏಣಿಯ ಕಡೆಯ ಮೆಟ್ಟಿಲು ಎಂದುಕೊಂಡರು. ನಿಂತರೆ ಅಡ್ಡಿಯಿಲ್ಲ ಎಂದರೇ ಹೊರತು ವೋಟು ಹಾಕುತ್ತೇವೆ ಎಂದು ಯಾರು ಹೇಳಿದ್ದರು?

ಎದುರಿಗೆ ನಿಂತವನು ಉಲ್ಲಾಸ, ನನ್ನ ಚಿಕ್ಕಪ್ಪನ ಮಗ. ಶಿರಸಿಯಲ್ಲಿ ಪಂಪು, ಪೈಪಿನ ಅಂಗಡಿ ಇಟ್ಟವನು. ಚುರುಕು ಹುಡುಗ, ಮಾತು ಸ್ವಲ್ಪ ಜಾಸ್ತಿ. ನಾನು ಅವನ ಪರ ಮನೆ ಮನೆ ತಿರುಗಿದೆ. ಅದರಲ್ಲಿ ಮುಚ್ಚುಮರೆ ಏನಿಲ್ಲ. ಹೆಗಡೆಯವರ ಮೇಲೆ ನನಗೆ ದ್ವೇಷ ಇರಲಿಲ್ಲ. ಕೇರಿಗೆ ನೀರಿನ ಪೈಪು ಬರಬೇಕಿತ್ತು, ಅದು ಅವರ ಕಾಲದಲ್ಲಿ ಬರಲಿಲ್ಲ.

ಅಕ್ಕ ಯಾರ ಪರವೂ ಅಲ್ಲ. ಅವಳ ಬೆಂಚಿನ ಮೇಲೆ ಎರಡೂ ಕಡೆಯವರು ತೊಡೆಗೆ ತೊಡೆ ತಾಗಿಸಿ ಕೂರುತ್ತಿದ್ದರು. ಗಿರಣಿಯ ಸದ್ದಿನಲ್ಲಿ ಜಗಳವಾಡಿದರೂ ಕೇಳಿಸದು ಎಂಬ ಅನುಕೂಲವೂ ಇತ್ತು. ಆದರೆ ಆ ವಾರವೇ ಮಷಿನ್ನಿನ ಬೆಲ್ಟು ಹರಿದು, ಮಧುಕೇಶ್ವರಣ್ಣ ಹೊಸದು ಹಾಕಿದ. ಮರುದಿನ ಹಲಗೆಯ ಮೇಲೆ ಹೀಗಿತ್ತು: 'ಹಳೆ ಬೆಲ್ಟು ಕಿರುಚುತ್ತದೆ, ಹೊಸ ಬೆಲ್ಟು ಜಾರುತ್ತದೆ. — ಹಿರಿಯರು.'

ಯಾವ ಕಾಲದ ಹಿರಿಯರು ಬೆಲ್ಟು ನೋಡಿದ್ದರು ಎಂದು ಯಾರೂ ಕೇಳಲಿಲ್ಲ. ಹಳೆ ಬೆಲ್ಟು ತಾನು ಎಂದು ಹೆಗಡೆಯವರಿಗೆ ಖಾತ್ರಿಯಾಯಿತು. ಹೊಸ ಬೆಲ್ಟು ತಾನು ಎಂದು ಉಲ್ಲಾಸನಿಗೆ ಖಾತ್ರಿಯಾಯಿತು. ಅರ್ಧ ವಾಕ್ಯ ತನಗೆ, ಇನ್ನರ್ಧ ಎದುರಾಳಿಗೆ ಎಂದು ಲೆಕ್ಕ ಹಾಕಿದ್ದರೆ ಇಬ್ಬರೂ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಮನುಷ್ಯ ಓದುವಾಗ ತನ್ನ ಪಾಲಿನ ಮೂದಲಿಕೆಯನ್ನು ಮಾತ್ರ ಓದುತ್ತಾನೆ. ಅಂದು ಮೊದಲ ಸಲ ಹೆಗಡೆಯವರು ಹಲಗೆ ಓದಿ ಏನೂ ಹೇಳದೆ ಸ್ಕೂಟರು ಹತ್ತಿದರು.

ಅಷ್ಟರಲ್ಲಿ ಚಿಹ್ನೆ ಹಂಚಿದರು. ಉಲ್ಲಾಸನಿಗೆ ಬಂದದ್ದು ಕರಿಹಲಗೆ. ಹೆಗಡೆಯವರಿಗೆ ಹೊಲಿಗೆ ಯಂತ್ರ. ನಾನು ಉಲ್ಲಾಸನಿಗೆ ವೋಟು ಕೇಳಿ ಬಂದು, ಅಂಗಡಿಯಲ್ಲಿ ಕೂತು ಸಂಜೆಯವರೆಗೆ ಹೆಗಡೆಯವರ ಚಿಹ್ನೆಯನ್ನು ತುಳಿಯಬೇಕು. ದೇವರಿಗೂ ತಮಾಷೆ ಬೇಕಾಗುತ್ತದೆ.

ಹೆಗಡೆಯವರು ದೂರು ಕೊಟ್ಟರು: ಸಾರ್ವಜನಿಕರು ಸೇರುವ ಗಿರಣಿಯಲ್ಲಿ ಎದುರಾಳಿಯ ಚಿಹ್ನೆ ತೂಗುಹಾಕಿದ್ದಾರೆ. ಹಲಗೆ ಕೊಡಿಸಿದವರೇ ಅವರು. ಇದನ್ನು ಕೇಳಿ ಉಲ್ಲಾಸನ ಹುಡುಗರೂ ಒಂದು ದೂರು ಕೊಟ್ಟರು: ಗಿರಣಿಯ ಪಕ್ಕದ ಟೇಲರ್ ಅಂಗಡಿಯ ಬೋರ್ಡಿನ ಮೇಲೆ ಹೊಲಿಗೆ ಯಂತ್ರದ ಚಿತ್ರ ಇದೆ. ಆ ಟೇಲರು ಯಾರು, ಯಾರ ಅಕ್ಕ, ಯಾರಿಗಾಗಿ ಚಪ್ಪಲಿ ಸವೆಸುತ್ತಿದ್ದಾಳೆ ಎಂದು ವಿಚಾರಿಸುವಷ್ಟು ವ್ಯವಧಾನ ಅವರಿಗಿರಲಿಲ್ಲ. ಚುನಾವಣೆಯ ಕೆಲಸಕ್ಕೆ ಬಂದ ಸಾಹೇಬರು ಒಳ್ಳೆಯವರು. ಅಕ್ಕ ಕೊಟ್ಟ ಚಹಾ ಕುಡಿದು, ಎರಡನ್ನೂ ನೋಡಿ, ನಗು ತಡೆದುಕೊಂಡು, "ಏನ್ ಮಾಡೂದು ತಾಯಿ, ಎರಡೂ ಮುಚ್ಚಿಬಿಡಿ" ಎಂದರು. ನನ್ನ ಬೋರ್ಡಿಗೆ ಹಳೆ ಬೆಡ್‌ಶೀಟು ಕಟ್ಟಿದೆ. ಅಕ್ಕ ಹಲಗೆಗೆ ಗೋಣಿತಟ್ಟು ಹೊದಿಸಿದಳು.

ಮುಚ್ಚಿದ ಹಲಗೆಯನ್ನೂ ಜನ ಓದಿದರು. ನಮ್ಮ ಚಿಹ್ನೆಗೆ ಗೋಣಿ ಹೊದಿಸಿ ಅವಮಾನ ಮಾಡಿದಳು ಎಂದರು ಉಲ್ಲಾಸನ ಕಡೆಯವರು. ಒಳಗೆ ಏನೋ ಬರೆದಿಟ್ಟೇ ಮುಚ್ಚಿದ್ದಾಳೆ ಎಂದರು ಎದುರು ಕಡೆಯವರು. ಹೆಗಡೆಯವರ ಕಡೆಯ ಮನೆಗಳು ಅಕ್ಕಿಯ ಚೀಲವನ್ನು ಬಸ್ಸಿಗೆ ಹಾಕಿ ಸಿದ್ದಾಪುರಕ್ಕೆ ಒಯ್ಯತೊಡಗಿದವು. ಮನೆಯೆದುರು ಗಿರಣಿ ಇಟ್ಟುಕೊಂಡು ಬಸ್ಸಿನಲ್ಲಿ ಹಿಟ್ಟು ತರುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಬೆಂಚು ಅರ್ಧ ಖಾಲಿಯಾಯಿತು.

ಎಣಿಕೆಯ ದಿನ ಉಲ್ಲಾಸ ಗೆದ್ದ. ಬೆರಳೆಣಿಕೆಯ ವೋಟಿನಲ್ಲಿ ಗೆದ್ದ. ಪಟಾಕಿ ಹೊಡೆದರು. ನಾನೂ ಪೇಡೆ ಹಂಚಿದೆ. ಅಕ್ಕ ಒಂದು ತೆಗೆದುಕೊಂಡು, ತಿನ್ನದೆ ಕೈಯಲ್ಲೇ ಹಿಡಿದುಕೊಂಡು ಹೆಗಡೆಯವರ ಮನೆಯ ದಾರಿಯ ಕಡೆ ನೋಡಿದಳು.

ಚುನಾವಣೆ ಮುಗಿದ ಮೇಲೆ ಗೋಣಿತಟ್ಟು ತೆಗೆದಳು. ಮೇಲಿನ ಕಾನೂನು ಹಾಗೇ ಇತ್ತು, ಗೆರೆಯ ಕೆಳಗೆ ಮಾತ್ರ ಏನೂ ಬರೆಯಲಿಲ್ಲ. ಒಂದು ವಾರ ನೋಡಿದೆ, ಇನ್ನೊಂದು ವಾರ ನೋಡಿದೆ. ನನಗೆ ಸಿಟ್ಟು ಬಂತು. ಮಾತೇ ನಿಲ್ಲದವಳು ಸುಮ್ಮನಾದರೆ ಪಕ್ಕದಲ್ಲಿ ಕೂರುವುದು ಬಹಳ ಕಷ್ಟ.

"ಎಂತಕೆ ಬರೆಯೋದಿಲ್ಲ ಅಕ್ಕ? ಸೀಮೆಸುಣ್ಣ ಖಾಲಿಯಾತ?" ಎಂದು ಕೆಣಕಿದೆ.

"ಅರ್ಧ ಊರು ಓದೂದು, ಅರ್ಧ ಊರು ಮಾರಿ ತಿರುವೂದು ಅಂದ್ರ ಬರದು ಏನ್ ಮಾಡ್ಲವಾ" ಎಂದಳು. ಖಾಲಿ ಬೆಂಚಿನ ಹಿಟ್ಟು ಒರೆಸುತ್ತ, "ನನಗ ಹೆಗಡೇರು ಬಂದು ಓದಬೇಕು. ಅಡ್ಡಿಲ್ಲೆ ಅನ್ನೋರ ಇಲ್ಲಂದ್ರ ಈ ಹಲಗಿ ಇದ್ರೇನು, ಒಲಿಗೆ ಹಾಕಿದ್ರೇನು? ಈ ಬೆಂಚು ಎರಡು ಹೋಳಾಯ್ತಂದ್ರ ನಾ ಗಿರಣಿ ನಡಸೂದು ಹಿಟ್ಟಿಗಷ್ಟ ಆಯ್ತು" ಎಂದಳು. ಕಣ್ಣಲ್ಲಿ ನೀರಿತ್ತು. ಗಿರಣಿ ಎಂದರೆ ಹಿಟ್ಟಿಗಷ್ಟೇ ತಾನೇ ಎಂದು ಇನ್ಯಾರಾದರೂ ಕೇಳಬಹುದು. ನಾನು ಕೇಳಲಾರೆ.

ನಾನು ಸೀದಾ ಉಲ್ಲಾಸನ ಅಂಗಡಿಗೆ ಹೋದೆ. ಹೆಗಡೆಯವರ ಮನೆಗೆ ಒಮ್ಮೆ ಹೋಗಿ ಬಾ ಎಂದೆ.

"ಗೆದ್ದಾಂವ ನಾ ಹೋದ್ರೆ ಹಂಗಿಸೋಕೆ ಬಂದ ಅಂತ್ರು ರೋಹಿಣಕ್ಕ" ಎಂದ ಅವನು. "ಅವ್ರೇ ಒಂದ್ಸಲ ಎದುರಿಗೆ ಬಂದು ಮಾತಾಡಲಿ, ನಾನು ಕಾಲಿಗೆ ಬೀಳ್ತೆ ಬೇಕಾದ್ರೆ."

ಹೆಗಡೆಯವರ ಹೆಂಡತಿಯ ರವಿಕೆ ನನ್ನಲ್ಲಿತ್ತು. ಅದನ್ನು ಕೊಡುವ ನೆಪದಲ್ಲಿ ಅಲ್ಲಿಗೂ ಹೋದೆ. ಹೆಗಡೆಯವರು ಜಗುಲಿಯಲ್ಲಿ ಪೇಪರು ಓದುತ್ತಿದ್ದರು. ತಲೆ ಎತ್ತದೆಯೇ, "ಸೋತವ ತಾನಾಗಿ ಹೋದ್ರೆ ಬಾಲ ಮಡಚ್ಕಂಡು ಬಂದ ಹೇಳ್ತ" ಎಂದರು. ನಾನು ಏನೂ ಕೇಳಿರಲೇ ಇಲ್ಲ.

ಬಂದು ಇದೆಲ್ಲವನ್ನೂ ಅಕ್ಕನಿಗೆ ಹೇಳಿದೆ. ಅಂದು ಮಂಗಳವಾರ. ಮೆಣಸಿನ ಘಾಟಿಗೆ ಸೀನುತ್ತ, ಕಣ್ಣೊರೆಸುತ್ತ ಕೇಳಿಸಿಕೊಂಡಳು. "ಇಬ್ಬರದ್ದೂ ಖರೇನ ಐತಿ" ಎಂದಳು. ಸಂಜೆ ಮೆಣಸೆಲ್ಲ ಮುಗಿದ ಮೇಲೆ ಮಷಿನ್ನು ಗುಡಿಸಿ, ಕೈ ತೊಳೆದು, ಸೀಮೆಸುಣ್ಣ ತೆಗೆದುಕೊಂಡು ಗೆರೆಯ ಕೆಳಗೆ ಬರೆದಳು:

'ನಾಳೆ ಮೆಣಸಿನ ಹಿಂದೆ ಮೊದಲು ಹಾಕುವವರು ಬೇಕಾಗಿದ್ದಾರೆ. — ದಾಕ್ಷಾಯಿಣಿ.'

ಹಿರಿಯರು ಇರಲಿಲ್ಲ. ಅಷ್ಟು ವರ್ಷಗಳ ಮೇಲೆ ಅವಳ ಹೆಸರು ಮತ್ತೆ ಹಲಗೆಗೆ ಬಂದಿತ್ತು. ನಾನು ಫೋನಿನಲ್ಲಿ ಅದರ ಫೋಟೋ ತೆಗೆದು ವಾರ್ಡಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಣಿಕೆಯ ದಿನದಿಂದ ಆ ಗುಂಪಿನಲ್ಲಿ ಒಬ್ಬರೂ ಒಂದು ಮಾತು ಹಾಕಿರಲಿಲ್ಲ. ಅಂದೂ ಹಾಕಲಿಲ್ಲ. ಎಲ್ಲರೂ ನೋಡಿದ್ದು ಮಾತ್ರ ಕಾಣುತ್ತಿತ್ತು.

ಬುಧವಾರ ಬೆಳಿಗ್ಗೆ ಸಾಲು ದೊಡ್ಡದೇ ಇತ್ತು. ಹಿಟ್ಟಿಗಿಂತ ಕುತೂಹಲಕ್ಕೆ ಬಂದವರೇ ಹೆಚ್ಚು. ಉಲ್ಲಾಸನೂ ಅಕ್ಕಿಯ ಚೀಲ ಹಿಡಿದು ಬಂದಿದ್ದ, ಆದರೆ ಎರಡು ಜನರ ಹಿಂದೆ ನಿಂತಿದ್ದ. ಮಧುಕೇಶ್ವರಣ್ಣ ಎಂದಿನಂತೆ ಜೋಳಕ್ಕೆ ಕೈಚಾಚಿದ. ಅಕ್ಕ ಇಲ್ಲ ಎಂದು ತಲೆಯಾಡಿಸಿದಳು. ಅವನು ಮೋಟಾರಿನ ಗುಂಡಿಯ ಹತ್ತಿರ ಹೋಗಿ ಸುಮ್ಮನೆ ನಿಂತ. ಗಿರಣಿಯಲ್ಲಿ ಸದ್ದಿಲ್ಲ. ಎಲ್ಲರ ಮಾತೂ ಎಲ್ಲರಿಗೂ ಕೇಳಿಸುವ ಹೊತ್ತು ಅದು, ಒಬ್ಬರೂ ಮಾತಾಡಲಿಲ್ಲ.

"ಇವತ್ತು ಎಂತ, ನಿಮ್ಮ ಜೋಳ ಇಲ್ವಾ ಅಕ್ಕ?" ಎಂದು ಮುಂದೆ ನಿಂತವಳು ಕಡೆಗೂ ಕೇಳಿದಳು.

"ಇಲ್ರಿ. ನಮ್ಮವ್ರಿಗೆ ಹೊಟ್ಟಿ ಉರಿ ಅಂತ."

ಮಧುಕೇಶ್ವರಣ್ಣನಿಗೆ ಇದು ಹೊಸ ಸುದ್ದಿ. ಅವನು ಅರ್ಧ ಕಿವಿಯನ್ನು ಕೂಡಲೇ ಮುಚ್ಚಿಕೊಂಡ. ಮುಂದೆ ನಿಂತವಳ ಮನೆಯಲ್ಲಿ ಸಣ್ಣ ಮಗು ಇತ್ತಂತೆ. ಅವಳ ಹಿಂದಿನವನ ಮನೆಗೆ ಮಧ್ಯಾಹ್ನ ನೆಂಟರು ಬರುವವರಿದ್ದರಂತೆ. ನಾನು ಉಲ್ಲಾಸನನ್ನು ದುರುಗುಟ್ಟಿ ನೋಡಿದೆ. ಅವನು ಚೀಲದ ಬಾಯಿಯ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದ.

ಆಗ ಸ್ಕೂಟರಿನ ಸದ್ದಾಯಿತು. ಹೆಗಡೆಯವರು ಇಳಿದು, ಹಿಂದೆ ಕಟ್ಟಿದ್ದ ಡಬ್ಬಿ ಬಿಚ್ಚಿ, ಯಾರ ಮುಖವನ್ನೂ ನೋಡದೆ ಹಲಗೆಯೆದುರು ನಿಂತರು. ಕನ್ನಡಕ ಏರಿಸಿ ಓದಿದರು. ಫೋನಿನಲ್ಲಿ ಒಮ್ಮೆ ಓದಿದ್ದನ್ನೇ ಮತ್ತೆ ನಿಧಾನವಾಗಿ ಓದಿದರು.

"ಅಂತೂ ಹೆಸರು ಬರದ್ಯಲೆ ಮಾರಾಯ್ತಿ" ಎಂದರು. "ಈ ಹಿರಿಯರು ಯಾರು ಹೇಳಿ ಯಂಗೆ ಯಾವಾಗ್ಲೇ ಗೊತ್ತಿದ್ದು. ಬೆಲ್ಟಿನ ಗಾದೆ ಹೇಳೂ ಹಿರಿಯರು ಯಾವ ಊರಲ್ಲೂ ಇಲ್ಲೆ."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾರೆ.

ಹೆಗಡೆಯವರು ಸಾಲು ದಾಟಿ ಹೋಗಿ ಡಬ್ಬಿಯನ್ನು ಮಷಿನ್ನಿನ ಪಕ್ಕ ಇಟ್ಟರು. "ಯನ್ನ ಅಕ್ಕಿ ಮೊದ್ಲು ಹಾಕು."

"ಖಾರ ಆಗ್ತದ್ರಿ ಹೆಗಡೇರ."

"ಅಡ್ಡಿಲ್ಲೆ. ಈ ವರ್ಷ ಖಾರ ಅಭ್ಯಾಸ ಆಗೋತು."

ಮೋಟಾರು ಶುರುವಾಯಿತು. ಅಕ್ಕಿ ಸುರಿಯಿತು, ಕೆಳಗಿನ ಬಟ್ಟೆಯ ತೋಳಿನಿಂದ ತಿಳಿಗೆಂಪು ಹಿಟ್ಟು ಇಳಿಯಿತು. ಹೆಗಡೆಯವರಿಗೆ ಎರಡು ಸೀನು ಬಂತು. ಅದು ಮುಗಿಯುವ ಮೊದಲೇ ಉಲ್ಲಾಸ ಮುಂದಿದ್ದ ಇಬ್ಬರನ್ನು ದಾಟಿ ಬಂದು ತನ್ನ ಚೀಲವನ್ನು ಡಬ್ಬಿಯ ಪಕ್ಕ ಇಟ್ಟ. ಸಾಲು ಮುರಿದದ್ದಕ್ಕೆ ಯಾರೂ ತಕರಾರು ಮಾಡಲಿಲ್ಲ.

ಹೆಗಡೆಯವರು ಅವನ ಕಿವಿಯ ಹತ್ತಿರ ಬಾಗಿ ಜೋರಾಗಿಯೇ ಹೇಳಿದರು: "ಎರಡ್ನೇದಕ್ಕೂ ಸ್ವಲ್ಪ ಖಾರ ಇರ್ತು, ತಿಳ್ಕ."

"ಇರ್ಲಿ ಹೆಗಡೇರೆ" ಎಂದ ಉಲ್ಲಾಸ, "ಇನ್ನು ಐದು ವರ್ಷ ಅದೇ ಅಲ್ವಾ?"

ಹೆಗಡೆಯವರು ನಕ್ಕರು. ನಕ್ಕು, ಬೆಂಚಿನ ತುದಿಯಲ್ಲಿ ಕೂತು, ಪಕ್ಕದ ಜಾಗವನ್ನು ಕೈಯಿಂದ ಒರೆಸಿದರು. ಉಲ್ಲಾಸ ಕೂತ. ನೀರಿನ ಪೈಪಿನ ವಿಷಯ ಮಾತಾಡಿಕೊಂಡರು. ಯಾವ ಕಚೇರಿಯಲ್ಲಿ ಯಾರನ್ನು ಹಿಡಿಯಬೇಕು ಎಂದು ಹೆಗಡೆಯವರು ಹೇಳುತ್ತಿದ್ದದ್ದು ಸದ್ದಿನ ನಡುವೆಯೂ ಕೇಳಿಸಿತು. ಇಷ್ಟೆಲ್ಲ ಗೊತ್ತಿದ್ದೂ ಅವರ ಕಾಲದಲ್ಲಿ ಯಾಕೆ ತರಲಿಲ್ಲ ಎಂದು ಕೇಳುವ ಆಸೆ ನನಗೆ ಬಹಳ ಆಯಿತು. ನಾಲಿಗೆ ಕಚ್ಚಿಕೊಂಡು ಕಿಟಕಿ ಮುಚ್ಚಿದೆ, ಕಪ್ಪು ಬಟ್ಟೆಯ ನೆಪ ಇತ್ತು.

ಆ ದಿನದಿಂದ ಬುಧವಾರಕ್ಕೆ ಪಾಳಿ ಬಂದಿದೆ. ಒಂದು ವಾರ ಒಂದು ಮನೆಯವರು ಮೊದಲು ಹಾಕುತ್ತಾರೆ. ನನ್ನ ಪಾಳಿಯೂ ಬಂದು ಹೋಯಿತು. ಖಾರದ ರೊಟ್ಟಿ ತಿಂದೆ, ನೀರು ಕುಡಿದೆ, ಅಕ್ಕನಿಗೆ ಒಂದಿಷ್ಟು ಬೈದೆ. ಮಧುಕೇಶ್ವರಣ್ಣ ಮಾತ್ರ ಬುಧವಾರದ ರೊಟ್ಟಿ ಸಪ್ಪೆಯಾಯಿತು ಎಂದು ಗೊಣಗುತ್ತಾನೆ.

ಅಂದಿನ ಮಾತಿಗೆ ಬರುತ್ತೇನೆ. ಮರುದಿನ, ಗುರುವಾರ ಬೆಳಿಗ್ಗೆ, ಹೆಗಡೆಯವರು ಎಂದಿನ ಹೊತ್ತಿಗೆ ಬಂದು ಸ್ಕೂಟರು ನಿಲ್ಲಿಸಿದರು. ಹಲಗೆಯಲ್ಲಿ ಇನ್ನೂ ಹಿಂದಿನದ್ದೇ ಇತ್ತು. ಅಕ್ಕ ಸೀಮೆಸುಣ್ಣ ಹಿಡಿದು ಏನು ಬರೆಯಲಿ ಎಂದು ಯೋಚಿಸುತ್ತ ನಿಂತಿದ್ದಳು.

"ಹೆಗಡೇರ, ಹಿಟ್ಟು ಹೆಂಗಾಗಿತ್ರಿ?"

ಹೆಗಡೆಯವರು ನಿನ್ನೆಯ ಖಾರವನ್ನು ಇನ್ನೊಮ್ಮೆ ನುಂಗಿದವರ ಹಾಗೆ ಮುಖ ಮಾಡಿದರು. ಆಮೇಲೆ ಎಂದಿನ ಒಂದೇ ಮಾತು ಹೇಳಿ ಹೋದರು.

ಅಕ್ಕ ಹಲಗೆ ಒರೆಸಿ ಅದನ್ನೇ ಬರೆದಳು. 'ಅಡ್ಡಿಲ್ಲೆ. — ಶಾಂತಾರಾಮ ಹೆಗಡೆ.' ಅಕ್ಕನದ್ದು ಬಿಟ್ಟರೆ, ಬದುಕಿರುವ, ಇದೇ ಊರಿನ, ದಿನಾ ಎದುರಿಗೆ ಸಿಗುವ ಮನುಷ್ಯನ ಹೆಸರು ಅದಕ್ಕೂ ಮೊದಲು ಆ ಹಲಗೆಯಲ್ಲಿ ಬಂದದ್ದೇ ಇಲ್ಲ. ಬೆಂಚಿನ ಮೇಲೆ ಕೂತವರೆಲ್ಲ ಓದಿದರು. ಅದು ತನಗೇ ಹೇಳಿದ್ದು ಎಂದು ಒಬ್ಬೊಬ್ಬರೂ ಅಂದುಕೊಂಡರು. ಆ ಸಲ ಯಾರಿಗೂ ಸಿಟ್ಟು ಬರಲಿಲ್ಲ.